ಕ್ರೇನ್ ರಿಮೋಟಿನ ಬ್ಯಾಟರಿ: ಮೂರು ಸಲ ಕಟ್ಟಿ, ಎರಡು ಸಲ ಬಿಚ್ಚಿದ್ದು

ಬೆಳಿಗ್ಗೆ 7ಕ್ಕೆ ಶಿಫ್ಟ್ ಶುರು. ಹತ್ತೂಕಾಲಿಗೆ ಕ್ರೇನ್ ನಿಂತಿತು. ಹುಕ್ಕಿನಲ್ಲಿ ಎರಡೂವರೆ ಟನ್ನಿನ ಫ್ರೇಮ್ ಆಳೆತ್ತರದಲ್ಲಿ ತೂಗುತ್ತಿದೆ, ಮೇಲೂ ಹೋಗಲ್ಲ, ಕೆಳಗೂ ಬರಲ್ಲ. ಆಪರೇಟರ್ ರಿಮೋಟನ್ನು ಎರಡು ಸಲ ತೊಡೆಗೆ ತಟ್ಟಿ ನೋಡಿದ. ಆಮೇಲೆ ನನ್ನ ಕಡೆ ನೋಡಿದ. ಒಂದೇ ವಾರದಲ್ಲಿ ಇದು ನಾಲ್ಕನೇ ಸಲ.

ನಾನಿರುವುದು ಬೆಂಗಳೂರಿನ ಪೀಣ್ಯ ಎರಡನೇ ಹಂತದ ಒಂದು ಫ್ಯಾಬ್ರಿಕೇಶನ್ ಶೆಡ್ಡಿನಲ್ಲಿ, ಎಲೆಕ್ಟ್ರಿಕಲ್ ಮೇಂಟೆನೆನ್ಸ್. ಮೊದಲ ಬೇಯಲ್ಲಿ, ಅಂದರೆ ಶೆಡ್ಡಿನ ಮೊದಲ ಅಂಕಣದಲ್ಲಿ, 10 ಟನ್ನಿನ ಡಬಲ್ ಗರ್ಡರ್ ಇಒಟಿ ಕ್ರೇನ್ ಇದೆ, ತಲೆ ಮೇಲೆ ಎರಡು ತೊಲೆಯಲ್ಲಿ ಓಡುವ ಕರೆಂಟ್ ಕ್ರೇನ್. ಅದಕ್ಕೆ ಯುರೋಪಿನಿಂದ ಬಂದ ರೇಡಿಯೋ ರಿಮೋಟ್. ರಿಮೋಟ್ ಗಟ್ಟಿ ಆಸಾಮಿ, ಎಷ್ಟು ಸಲ ಬಿದ್ದರೂ ಏನೂ ಆಗಿಲ್ಲ. ಸೋತಿದ್ದು ಅದರ ಬ್ಯಾಟರಿ ಪ್ಯಾಕು. ಎರಡು ಪ್ಯಾಕ್ ಇದ್ದವು, ಒಂದು ರಿಮೋಟಿನಲ್ಲಿ, ಇನ್ನೊಂದು ಚಾರ್ಜರಿನಲ್ಲಿ. ಎರಡೂ ಒಟ್ಟಿಗೆ ಮುದಿಯಾಗಿದ್ದವು.

ಬ್ಯಾಟರಿ ಸತ್ತರೆ ಲೋಡ್ ಬೀಳುತ್ತಾ ಅಂತ ಹೊಸಬರು ಕೇಳುತ್ತಾರೆ. ಬೀಳಲ್ಲ. ಸಿಗ್ನಲ್ ನಿಂತ ತಕ್ಷಣ ಮೇಲಿರುವ ರಿಸೀವರ್ ಮೇನ್ ಕಾಂಟ್ಯಾಕ್ಟರನ್ನು, ಅಂದರೆ ಕ್ರೇನಿಗೆ ಕರೆಂಟ್ ಕೊಡೋ ದೊಡ್ಡ ಸ್ವಿಚ್ಚನ್ನು, ಬಿಟ್ಟುಬಿಡುತ್ತದೆ. ಲೋಡ್ ಎತ್ತುವ ಹಾಯಿಸ್ಟಿನ ಬ್ರೇಕನ್ನು ಕರೆಂಟ್ ಬಿಚ್ಚಿ ಹಿಡಿದಿರುತ್ತದೆ, ಕರೆಂಟ್ ಹೋದರೆ ಸ್ಪ್ರಿಂಗ್ ಅದನ್ನು ಮುಚ್ಚುತ್ತದೆ. ಅಂದರೆ ಇದ್ದಲ್ಲೇ ನಿಲ್ಲುತ್ತದೆ. ಆದರೆ ಎರಡೂವರೆ ಟನ್ ತಲೆ ಮೇಲೆ ನೇತಾಡುತ್ತಾ ನಿಂತರೆ ಕೆಳಗಿನವರ ಕೆಲಸ ಎಲ್ಲ ಬಂದ್. ಓಡುತ್ತಿದ್ದ ಕ್ರೇನ್ ಗಕ್ಕಂತ ನಿಂತರೆ ಲೋಡ್ ಉಯ್ಯಾಲೆ ಆಡುತ್ತದೆ, ಅದಂತೂ ಒಳ್ಳೆಯದಲ್ಲ.

ಅವತ್ತು ಮೇಲೆ ಸುತ್ತಿ ಕಟ್ಟಿಟ್ಟಿದ್ದ ಪೆಂಡೆಂಟನ್ನು (ಕೇಬಲಿಗೆ ನೇತಾಡೋ ಬಟನ್ ಡಬ್ಬಿ) ಇಳಿಸಿ, ಸೆಲೆಕ್ಟರ್ ಸ್ವಿಚ್ ತಿರುಗಿಸಿ ಕೆಲಸ ಮುಗಿಸಿದೆವು. ಹಳೇ ಗಂಡನ ಪಾದವೇ ಗತಿ ಅಂತಾರಲ್ಲ, ಹಾಗೆ. ಪೆಂಡೆಂಟಿನಲ್ಲಿ ಓಡಿಸಿದರೆ ಆಪರೇಟರ್ ಲೋಡಿನ ಪಕ್ಕದಲ್ಲೇ ಕೇಬಲ್ ಹಿಡಿದು ನಡೆಯಬೇಕು, ನೆಲದ ಮೇಲಿನ ಕಬ್ಬಿಣ ಎಡವಬೇಕು. ರಿಮೋಟ್ ಹಾಕಿಸಿದ್ದೇ ಅದನ್ನು ತಪ್ಪಿಸೋಕೆ.

ಡೀಲರಿಗೆ ಫೋನ್ ಮಾಡಿದೆ. ಒಂದು ಪ್ಯಾಕಿಗೆ 9,800 ರೂಪಾಯಿ, ಜಿಎಸ್‌ಟಿ ಬೇರೆ, ಬರೋಕೆ ಆರು ವಾರ. ಎರಡು ಬೇಕು. ಯಜಮಾನರು ಕೊಟೇಶನ್ ನೋಡಿ ಏನೂ ಮಾತಾಡಲಿಲ್ಲ, ಹಾಳೆಯನ್ನು ಮಡಚಿ ನನ್ನ ಕೈಗೇ ವಾಪಸ್ ಕೊಟ್ಟರು. ಅರ್ಥ ಆಯಿತು.

ಮೊದಲು ರೋಗ ಏನು ಅಂತ ನೋಡಬೇಕಲ್ವಾ. ಪ್ಯಾಕಿನ ಮೇಲೆ ಬರೆದಿರುವುದು 6 ವೋಲ್ಟ್, 1200 ಎಂಎಎಚ್ (ಮಿಲಿಆಂಪ್-ಅವರ್, ಎಷ್ಟು ಚಾರ್ಜ್ ಹಿಡಿಯುತ್ತದೆ ಅನ್ನೋ ಅಳತೆ), ನಿಕಲ್ ಮೆಟಲ್ ಹೈಡ್ರೈಡ್. ಈ ಜಾತಿಯ ಒಂದು ಸೆಲ್ಲಿಗೆ 1.2 ವೋಲ್ಟ್, ಹಾಗಾಗಿ ಒಳಗೆ ಐದು ಸೆಲ್ ಇರಲೇಬೇಕು. ಹೊರಗೆ ಮೂರು ಕಾಂಟ್ಯಾಕ್ಟ್. ಇಲ್ಲಿ ನಾನು ಅರ್ಧ ಗಂಟೆ ಹಾಳು ಮಾಡಿದೆ. ಮೀಟರಿನ ಪ್ರೋಬನ್ನು ಎರಡು ಕೊನೆಗೆ ಇಟ್ಟರೆ ಏನೇನೋ ತೋರಿಸುತ್ತದೆ, 0.3, 0.1, ಸ್ಥಿರವಾಗಿ ನಿಲ್ಲಲ್ಲ. ಪ್ಯಾಕ್ ಪೂರ್ತಿ ಸತ್ತಿದೆ ಅಂದುಕೊಂಡೆ. ಆಮೇಲೆ ಹೊಳೆಯಿತು: ಮೂರನೆಯದು ಬರೀ ಚಾರ್ಜ್ ಮಾಡೋ ಕಾಂಟ್ಯಾಕ್ಟ್, ಒಳಗೆ ಡಯೋಡ್ ಇದೆ. ಕರೆಂಟ್ ಒಳಗೆ ಹೋಗುತ್ತದೆ, ಹೊರಗೆ ಬರಲ್ಲ. ಜೇಬಿನಲ್ಲಿ ಬೀಗದ ಕೈ ತಾಗಿ ಶಾರ್ಟ್ ಆಗದಿರಲಿ ಅಂತ ಹಾಗೆ ಮಾಡಿರುತ್ತಾರೆ. ನಡುವಿನ ಕಾಂಟ್ಯಾಕ್ಟಿನಲ್ಲಿ ನೋಡಿದರೆ 6.7 ವೋಲ್ಟ್. ಅಂದರೆ ಕರೆಂಟ್ ಎಳೆಯದೆ ಬರೀ ಮೀಟರಿನಲ್ಲಿ ನೋಡಿದರೆ ಪ್ಯಾಕ್ ಗುಂಡುಕಲ್ಲು!

ಕಾಂಟ್ಯಾಕ್ಟ್ ನೋಡುವಾಗಲೇ ಇನ್ನೊಂದು ಸಿಕ್ಕಿತು. ಚಾರ್ಜರಿನ ಸ್ಪ್ರಿಂಗುಗಳ ಬುಡದಲ್ಲಿ ಕೆಂಪಗೆ ಗಟ್ಟಿಯಾದ ಪುಡಿ. ತುಕ್ಕು ಅಂದುಕೊಂಡು ಕೆರೆದರೆ ಕುಂಕುಮ. ಆಯುಧಪೂಜೆ ಆಗಿ ತಿಂಗಳಾಗಿತ್ತು. ಕ್ರೇನಿಗೆ, ರಿಮೋಟಿಗೆ, ಚಾರ್ಜರಿಗೆ ಎಲ್ಲಕ್ಕೂ ಅರಿಶಿನ ಕುಂಕುಮ ಹಚ್ಚಿ, ಹೂ ಮುಡಿಸಿ, ಬೂದುಗುಂಬಳಕಾಯಿ ಒಡೆದಿದ್ದೆವು. ಹುಡುಗರು ಭಕ್ತಿಯಿಂದ ನೀರಿನಲ್ಲಿ ಕಲಸಿ ಹಚ್ಚಿದ್ದರು. ಜೊತೆಗೆ ಗ್ರೈಂಡಿಂಗ್ ಮಾಡಿದ ಕಬ್ಬಿಣದ ಧೂಳು. ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿ ಹಳೇ ಹಲ್ಲುಜ್ಜೋ ಬ್ರಶ್ಶಿನಲ್ಲಿ ತಿಕ್ಕಿದೆ, ಪ್ಯಾಕಿನ ಕಾಂಟ್ಯಾಕ್ಟುಗಳನ್ನು ಪೆನ್ಸಿಲ್ ರಬ್ಬರಿನಲ್ಲಿ ಉಜ್ಜಿದೆ. ಮರಳು ಕಾಗದ ಹಾಕಬೇಡಿ, ಮೇಲಿನ ಲೇಪ ಹೋದರೆ ಮುಗಿಯಿತು. ಇದರಿಂದಲೇ ಸರಿಹೋಗಬಹುದು ಅನ್ನೋ ಆಸೆ ಇತ್ತು. ಹೋಗಲಿಲ್ಲ. ಮಾರನೇ ದಿನವೂ ಹತ್ತೂಕಾಲಿಗೇ ನಿಂತಿತು.

ಆಗ ಬೆಂಚಿನ ಮೇಲೆ ಸರಿಯಾಗಿ ಅಳೆದೆ. ಕ್ರೇನಿನ ಐಸೊಲೇಟರ್ (ಕರೆಂಟ್ ಕಡಿಯೋ ಸ್ವಿಚ್) ಆಫ್ ಮಾಡಿ ಬೀಗ ಹಾಕಿ, ಟ್ಯಾಗ್ ನೇತುಹಾಕಿ, ರಿಮೋಟಿಗೆ ಬ್ಯಾಟರಿ ಬದಲು ಬೆಂಚ್ ಸಪ್ಲೈ ಕೊಟ್ಟೆ. ಬೀಗ ಮರೆಯಬೇಡಿ. ಬೆಂಚಿನ ಮೇಲೆ ಒತ್ತಿದ ಬಟನ್ನಿಗೆ ಮೇಲೆ ಕ್ರೇನ್ ಓಡಿದರೆ ಕಷ್ಟ. ರಿಮೋಟ್ ಸುಮ್ನೆ ಆನ್ ಇದ್ದಾಗ 75 ಮಿಲಿಆಂಪ್ ಎಳೆಯಿತು, ಜಾಯ್‌ಸ್ಟಿಕ್ ಆಡಿಸಿದಾಗ 85. ಸರಾಸರಿ 80 ಅನ್ನೋಣ. 8 ಗಂಟೆಯ ಶಿಫ್ಟಿಗೆ 640 ಎಂಎಎಚ್ ಸಾಕು. 1200ರ ಪ್ಯಾಕ್ ಹೊಸದಿದ್ದಾಗ ಒಂದೂಮುಕ್ಕಾಲು ಶಿಫ್ಟ್ ಬರುತ್ತಿದ್ದದ್ದು ಅದಕ್ಕೇ. ಸಪ್ಲೈ ವೋಲ್ಟೇಜನ್ನು ನಿಧಾನಕ್ಕೆ ಇಳಿಸಿದೆ. 5.5ಕ್ಕೆ ಕೆಂಪು ದೀಪ ಮಿನುಗಿ ಬೀಪ್ ಶುರುವಾಯಿತು. 5.2ಕ್ಕೆ ಟ್ರಾನ್ಸ್‌ಮಿಟರ್ ತಾನಾಗೇ ಆಫ್. ಈ ಎರಡು ನಂಬರ್ ಬರೆದಿಟ್ಟುಕೊಂಡೆ, ಮುಂದಿನ ಇಡೀ ಕೆಲಸ ನಿಂತಿರುವುದು ಇದರ ಮೇಲೆ.

ಇನ್ನು ಪ್ಯಾಕ್ ಬಿಚ್ಚೋದು. ಸ್ಕ್ರೂ ಇಲ್ಲ, ಅಲ್ಟ್ರಾಸಾನಿಕ್ ವೆಲ್ಡ್ ಮಾಡಿದ ಪ್ಲಾಸ್ಟಿಕ್. ಮೊದಲನೆಯದನ್ನು ವೈಸಿನಲ್ಲಿ ಮೆತ್ತಗೆ ಹಿಡಿದು, ಜೋಡಣೆಯ ಗೆರೆಯುದ್ದಕ್ಕೂ ರಬ್ಬರ್ ಸುತ್ತಿಗೆಯಲ್ಲಿ ಸುತ್ತ ತಟ್ಟುತ್ತಾ ಹೋದೆ. ಹದಿನೈದು ನಿಮಿಷಕ್ಕೆ ಟಕ್ ಅಂತ ಒಂದು ಮೂಲೆ ಬಿಟ್ಟಿತು, ಉಳಿದದ್ದು ಗಿಟಾರ್ ಬಾರಿಸೋ ಪಿಕ್ಕಿನಲ್ಲಿ ಬಂತು. ಎರಡನೆಯದಕ್ಕೆ ಅವಸರ ಮಾಡಿ ಸ್ಕ್ರೂಡ್ರೈವರ್ ಹಾಕಿ ಮೀಟಿದೆ, ಪಕ್ಕಕ್ಕೆ ಬಿರುಕು ಬಿಟ್ಟಿತು. ಸ್ಕ್ರೂಡ್ರೈವರ್ ಇನ್ನೂ ಎರಡು ಮಿಲಿಮೀಟರ್ ಒಳಗೆ ಹೋಗಿದ್ದರೆ ಸೆಲ್ಲಿಗೇ ತೂತು. ತಟ್ಟೋದೇ ಸರಿ.

ಒಳಗೆ ಐದು ಡಬಲ್-ಎ ಸೈಜಿನ ಸೆಲ್, ನಿಕಲ್ ಪಟ್ಟಿ, ಒಂದು ಡಯೋಡ್, ಎರಡು ಸೆಲ್ಲಿನ ನಡುವಿನ ಸಂದಿಯಲ್ಲಿ ಸಿಕ್ಕಿಸಿದ ಥರ್ಮಲ್ ಕಟ್-ಔಟ್, ಅಂದರೆ ಬಿಸಿ ಜಾಸ್ತಿಯಾದರೆ ಕರೆಂಟ್ ಕಡಿಯೋ ಭಾಗ. ಅಷ್ಟೇ. 9,800 ರೂಪಾಯಿ ಎಲ್ಲಿ ಕೂತಿದೆ ಅಂತ ಹುಡುಕಿದೆ, ಕಾಣಲಿಲ್ಲ.

ನಿಕಲ್ ಪಟ್ಟಿ ಕತ್ತರಿಸಿ ಒಂದೊಂದು ಸೆಲ್ಲನ್ನೂ ಸಾಮರ್ಥ್ಯ ಅಳೆದು ತೋರಿಸುವ ಹಾಬಿ ಚಾರ್ಜರಿನಲ್ಲಿ ಬೇರೆ ಬೇರೆಯಾಗಿ ತುಂಬಿ, 1 ವೋಲ್ಟಿನವರೆಗೆ ಖಾಲಿ ಮಾಡಿದೆ. ಬಂದ ಲೆಕ್ಕ: 910, 880, 930, 260, 870. ನಾಲ್ಕನೆಯದು ನೋಡಿ! ಇದನ್ನು ಬರೆದಾಗ ತಲೆಯಲ್ಲಿ ದೀಪ ಹತ್ತಿತು. 260 ಎಂಎಎಚ್ ಅನ್ನು 80 ಮಿಲಿಆಂಪಿನಿಂದ ಭಾಗಿಸಿ, ಮೂರೂಕಾಲು ಗಂಟೆ. ಏಳಕ್ಕೆ ಶುರುವಾದರೆ ಹತ್ತೂಕಾಲು. ಅಷ್ಟು ಹೊತ್ತಿಗೆ ಆ ಒಂದು ಸೆಲ್ ಸೊನ್ನೆಗೆ ಕುಸಿಯುತ್ತದೆ, ಉಳಿದ ನಾಲ್ಕು ತಲಾ 1.25ರಲ್ಲಿ ಆರಾಮಾಗಿವೆ, ಕೂಡಿಸಿದರೆ 5.0. ಕಟ್ ಆಗೋದು 5.2ಕ್ಕೆ. ಒಳಗೆ ಮೂರರಲ್ಲಿ ಎರಡು ಪಾಲು ಚಾರ್ಜ್ ಹಾಗೇ ಇದೆ, ರಿಮೋಟ್ ಮಾತ್ರ ಸತ್ತಿದೆ. ಆಪರೇಟರ್ ಮೊದಲಿಂದ ಒಂದೇ ಮಾತು ಹೇಳುತ್ತಿದ್ದ, "ಸಾರ್, ಕೆಂಪು ಬಂತು ಅನ್ನೋಷ್ಟರಲ್ಲಿ ಆಫ್ ಆಗುತ್ತೆ" ಅಂತ. ನಾವು ನಂಬಿರಲಿಲ್ಲ. ಅವನು ಹೇಳಿದ್ದು ಅಕ್ಷರಶಃ ನಿಜ. ಸೆಲ್ ಕುಸಿಯುವಾಗ 5.5ರಿಂದ 5.2ಕ್ಕೆ ಬರೋಕೆ ಜಾಸ್ತಿ ಹೊತ್ತು ಬೇಡ.

ಆಮೇಲೆ ರಾತ್ರಿ ಆಗುವ ಅನ್ಯಾಯ. ನಮ್ಮ ಚಾರ್ಜರ್ ಹಳೇ ಕಾಲದ್ದು, 120 ಮಿಲಿಆಂಪ್ ಕೊಡುತ್ತದೆ, 14 ಗಂಟೆ ಟೈಮರ್, ಆಮೇಲೆ ಹಸಿರು ದೀಪ. ಬ್ಯಾಟರಿ ತುಂಬಿದೆಯಾ ಇಲ್ಲವಾ ಅಂತ ಅದು ನೋಡಲ್ಲ. 14 ಗಂಟೆಗೆ 1680 ಎಂಎಎಚ್ ಒಳಗೆ ಹೋಗುತ್ತದೆ. ಬೇಕಿದ್ದದ್ದು 260. ಉಳಿದದ್ದೆಲ್ಲ ಬಿಸಿ. ಬೆಳಿಗ್ಗೆ ಪ್ಯಾಕ್ ತೆಗೆದಾಗ ಬೆಚ್ಚಗಿರುತ್ತದೆ ಅಂತ ಎಲ್ಲರಿಗೂ ಗೊತ್ತಿತ್ತು, ಚಳಿಗಾಲದಲ್ಲಿ ಕೈ ಕಾಯಿಸಿಕೊಂಡವರೂ ಇದ್ದಾರೆ. ಒಂದು ಸೆಲ್ ಕೆಟ್ಟು ಉಳಿದ ನಾಲ್ಕನ್ನೂ ಹೀಗೆ ದಿನಾ ಬೇಯಿಸುತ್ತಿತ್ತು.

ಒಂದೇ ಸೆಲ್ ಬದಲಿಸಿದರೆ ಆಗಲ್ವಾ ಅಂತ ಕೇಳಬೇಡಿ. ಹೊಸ ಸೆಲ್ಲಿನ ಪಕ್ಕ 880ರದ್ದು ಕೂರಿಸಿದರೆ ಇನ್ನು ನಾಲ್ಕು ತಿಂಗಳಿಗೆ ಅದು ಕೈಕೊಡುತ್ತದೆ. ಸರಣಿಯಲ್ಲಿ ಕೂತ ಸೆಲ್ಲುಗಳು ಒಂದೇ ವಯಸ್ಸಿನವು, ಒಂದೇ ಸಾಮರ್ಥ್ಯದವು ಇರಬೇಕು. ಬಲ ಕಮ್ಮಿ ಇರೋದು ಮೊದಲು ಖಾಲಿಯಾಗಿ, ಉಳಿದವು ಅದರ ಮೂಲಕ ಕರೆಂಟ್ ತಳ್ಳಿ ಅದನ್ನು ಉಲ್ಟಾ ಚಾರ್ಜ್ ಮಾಡಿ ಇನ್ನೂ ಹಾಳು ಮಾಡುತ್ತವೆ.

ಮೊದಲ ಪ್ರಯತ್ನ ಹೇಳೋಕೆ ನಾಚಿಕೆ. ಎಸ್‌ಪಿ ರೋಡಿಗೆ ಹೋದೆ. ಚಿಕ್ಕಪೇಟೆ ಮೆಟ್ರೋದಲ್ಲಿ ಇಳಿದು ನಡೆದರೆ ಸಾಕು, ಎಲೆಕ್ಟ್ರಾನಿಕ್ಸಿನವರಿಗೆ ಅದೇ ಕಾಶಿ. 3300 ಎಂಎಎಚ್ ಅಂತ ದಪ್ಪಕ್ಷರದಲ್ಲಿ ಬರೆದ ಡಬಲ್-ಎ ಸೆಲ್, ಒಂದಕ್ಕೆ 70 ರೂಪಾಯಿ. ಹತ್ತು ತಂದೆ. ಶೆಡ್ಡಿಗೆ ಬಂದು ಕೈಯಲ್ಲಿ ಹಿಡಿದಾಗ ಅನುಮಾನ ಬಂತು, ಹಗುರ. ಸ್ಟೋರಿನ ತಕ್ಕಡಿಗೆ ಹಾಕಿದೆ, 17 ಗ್ರಾಂ. ಒಳ್ಳೆಯ ನಿಕಲ್ ಸೆಲ್ 26-27 ಗ್ರಾಂ ಇರುತ್ತದೆ. ಹಾಬಿ ಚಾರ್ಜರ್ ಹೇಳಿದ್ದು 610 ಎಂಎಎಚ್. ಅಗ್ಗದ ಆಸೆಗೆ ಮುಗ್ಗಿದ ಜೋಳ ತಂದಂತಾಯಿತು. ಆದರೂ ಬಿಡದೆ ಐದು ಜೋಡಿಸಿ ಒಂದು ಪ್ಯಾಕ್ ಕಟ್ಟಿ ನೋಡಿದೆ. ಎರಡು ವಾರಕ್ಕೆ ಮತ್ತೆ ಹತ್ತೂವರೆ, ಹನ್ನೊಂದಕ್ಕೆ ಕ್ರೇನ್ ನಿಲ್ಲೋದು. ಬಿಚ್ಚಿದೆ. ಡಬಲ್-ಎ ಸೈಜಿನ ನಿಕಲ್ ಸೆಲ್ಲಿನಲ್ಲಿ 2700 ದಾಟಿದ ನಂಬರ್ ಯಾರೇ ಬರೆದಿರಲಿ ನಂಬಬೇಡಿ. ತಕ್ಕಡಿ ನಂಬಿ.

ಎರಡನೇ ಸಲ ದುಡ್ಡು ಹಾಕಿದೆ. ಎನೆಲೂಪ್, 2000 ಎಂಎಎಚ್, ಒಂದಕ್ಕೆ ಮುನ್ನೂರರ ಆಸುಪಾಸು, ನಾಲ್ಕರ ಮೂರು ಕಟ್ಟು, ಒಟ್ಟು 12. ಇದೇ ಯಾಕೆ ಅಂದರೆ, ಮಾಮೂಲಿ ನಿಕಲ್ ಸೆಲ್ ಸುಮ್ನೆ ಇಟ್ಟರೂ ತಿಂಗಳಿಗೆ ಐದನೇ ಒಂದು ಭಾಗವೋ ಅದಕ್ಕಿಂತ ಜಾಸ್ತಿಯೋ ತಾನೇ ಸೋರಿಹೋಗುತ್ತದೆ. 2005ರಲ್ಲಿ ಸ್ಯಾನ್ಯೊ ಈ ಎನೆಲೂಪ್ ತಂದಾಗ ಅದರ ವಿಶೇಷವೇ ಸೋರಿಕೆ ಕಮ್ಮಿ ಅನ್ನೋದು. ಈಗ ಪ್ಯಾನಸೋನಿಕ್ ಹೆಸರಿನಲ್ಲಿ ಬರುತ್ತದೆ. ದೀಪಾವಳಿ ರಜೆ ಮುಗಿಸಿ ಬಂದು ಸ್ಪೇರ್ ಪ್ಯಾಕ್ ಹಾಕಿದರೆ ಅದರಲ್ಲಿ ಏನಾದರೂ ಇರಬೇಕಲ್ವಾ, ಅದಕ್ಕೆ.

1200 ಇದ್ದಲ್ಲಿ 2000 ಹಾಕಿದರೆ ಆ ಚಾರ್ಜರ್ ತುಂಬಿಸುತ್ತಾ? ಕಾಗದದ ಮೇಲೆ ಹಾಕಿ ನೋಡಿದೆ. ನಿಧಾನ ಚಾರ್ಜಿನಲ್ಲಿ ಕೊಟ್ಟದ್ದೆಲ್ಲ ಒಳಗೆ ನಿಲ್ಲಲ್ಲ, ಒಂದಕ್ಕೆ ಒಂದೂವರೆಯಷ್ಟು ಕೊಡಬೇಕಾಗುತ್ತದೆ. ಪೂರ್ತಿ ಖಾಲಿ ಪ್ಯಾಕಿಗೆ ಒಂದು ರಾತ್ರಿಯಲ್ಲಿ 1100-1200 ಅಷ್ಟೇ ಸೇರುತ್ತದೆ, 2000 ಅಲ್ಲ. ಆದರೆ ನಮಗೆ ದಿನಕ್ಕೆ ಬೇಕಿರುವುದು 640. ಹಾಗಾಗಿ ಎರಡನೇ ರಾತ್ರಿಗೆ ತುಂಬಿರುತ್ತದೆ. ಸೆಲ್ ದೊಡ್ಡದಾದದ್ದಕ್ಕೆ ಅದೇ 120 ಮಿಲಿಆಂಪ್ ಈಗ ಇನ್ನೂ ಮೆತ್ತಗಿನ ಚಾರ್ಜ್ ಆಯಿತು, ಬಿಸಿ ಕಮ್ಮಿ. ಚಾರ್ಜರ್ ಮುಟ್ಟಲಿಲ್ಲ. ನಿಮ್ಮಲ್ಲಿ ಫಾಸ್ಟ್ ಚಾರ್ಜರ್ ಇದ್ದರೆ ಲೆಕ್ಕ ಬೇರೆ. ಅದು ವೋಲ್ಟೇಜ್ ತುದಿಗೆ ಹೋಗಿ ಸ್ವಲ್ಪ ಇಳಿಯೋದನ್ನೋ, ಬಿಸಿ ಏರೋದನ್ನೋ ನೋಡಿ ನಿಲ್ಲಿಸುತ್ತದೆ, ಅಂಥ ಪ್ಯಾಕಿನೊಳಗೆ ಬಿಸಿ ಅಳೆಯುವ ಥರ್ಮಿಸ್ಟರ್ ಮೊದಲಿದ್ದ ಜಾಗದಲ್ಲೇ, ಮೊದಲಿದ್ದ ಹಾಗೇ ಇರಬೇಕು.

ಕಟ್ಟೋಕೆ ಕೂತೆ. ಸ್ಪಾಟ್ ವೆಲ್ಡರ್ ಇಲ್ಲ. 60 ವಾಟಿನ ಸೋಲ್ಡರಿಂಗ್ ಐರನ್ ಇದೆ, ಫ್ಲಕ್ಸ್ ಇದೆ, ಇಪ್ಪತ್ತು ವರ್ಷದ ಅನುಭವ ಇದೆ ಅನ್ನೋ ಸೊಕ್ಕೂ ಇದೆ. ಸೆಲ್ಲಿನ ತಲೆಗೆ ನೇರ ಬೆಸುಗೆ ಹಾಕಿಯೇಬಿಟ್ಟೆ. ನೋಡೋಕೆ ಚೆನ್ನಾಗಿತ್ತು. ಮೊದಲ ವಾರ ಇಡೀ ಶಿಫ್ಟ್ ಬಂತು. ಮೂರನೇ ವಾರ ರಿಮೋಟಿನ ಬ್ಯಾಟರಿ ಗೂಡಿನಲ್ಲಿ ಬಿಳೀ ಪುಡಿ. ಬಿಚ್ಚಿದರೆ ಎರಡನೇ ಸೆಲ್ಲಿನ ಪಾಸಿಟಿವ್ ತಲೆ ಸುತ್ತ ಉಪ್ಪು ಹೂವಾಗಿ ಅರಳಿತ್ತು. ಸೆಲ್ಲಿನ ಒಳಗೆ ಇರುವುದು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣ. ಪಾಸಿಟಿವ್ ಗುಬುಟಿನ ಕೆಳಗೆ ಒಂದು ರಬ್ಬರ್ ವಾಲ್ವ್, ಅಂಚಿನಲ್ಲಿ ಪ್ಲಾಸ್ಟಿಕ್ ಸೀಲ್. ನನ್ನ ಐರನ್ನಿನ ಬಿಸಿಗೆ ಸೀಲ್ ಮೆತ್ತಗಾಗಿ ಒಳಗಿನದು ಜಿನುಗಿ ಹೊರಗೆ ಬಂದಿದೆ, ಗಾಳಿ ತಾಗಿ ಕಾರ್ಬೊನೇಟ್ ಪುಡಿಯಾಗಿದೆ. ಗ್ಲೌಸ್ ಹಾಕಿಕೊಂಡು, ವಿನೆಗರ್ ಬೆರೆಸಿದ ನೀರಿನ ಬಟ್ಟೆಯಲ್ಲಿ ಒರೆಸಿ, ಆಮೇಲೆ ಆಲ್ಕೊಹಾಲಿನಲ್ಲಿ ಒರೆಸಿ ಗೂಡು ಉಳಿಸಿಕೊಂಡೆ. ಇನ್ನೊಂದು ವಾರ ಬಿಟ್ಟಿದ್ದರೆ ರಿಮೋಟಿನ ಬೋರ್ಡಿಗೇ ಹತ್ತುತ್ತಿತ್ತು. ಅದರ ಮುಂದೆ ಪ್ಯಾಕಿನ ಬೆಲೆ ಏನೂ ಅಲ್ಲ.

ಈ ನಡುವೆ ಶೆಡ್ಡಿನಲ್ಲಿ ಒಬ್ಬರು, "ಎಂಥ ಕಾಲದಲ್ಲಿದೀರಿ, ಎರಡು 18650 ಹಾಕಿ ಬಿಸಾಕಿ" ಅಂತ ಶುರು ಮಾಡಿದರು. ಲಿಥಿಯಂ ಅಂದರೆ ಈಗ ಎಲ್ಲದಕ್ಕೂ ಮದ್ದು. ಎರಡು ಸೆಲ್ ಸರಣಿಯಲ್ಲಿ ಹಾಕಿದರೆ ತುಂಬಿದಾಗ 8.4 ವೋಲ್ಟ್, ರಿಮೋಟ್ ಇರುವುದು 6 ವೋಲ್ಟಿನ ಪ್ಯಾಕಿಗೆ. ಚಾರ್ಜರ್ ಅಂತೂ 120 ಮಿಲಿಆಂಪನ್ನು 14 ಗಂಟೆ ಕಣ್ಣು ಮುಚ್ಚಿ ತಳ್ಳುತ್ತದೆ, ಲಿಥಿಯಂ ಸೆಲ್ಲಿಗೆ ಹಾಗೆ ತಳ್ಳಿದರೆ ಬೆಂಕಿಗೆ ಆಮಂತ್ರಣ ಕೊಟ್ಟ ಹಾಗೆ. ರಕ್ಷಣೆಗೆ ಬೋರ್ಡ್ ಹಾಕೋಣ ಅಂದರೆ, ಅದು ಕಟ್ ಮಾಡೋದು ಒಂದೇ ಏಟಿಗೆ. ಇನ್ನು 3.2 ವೋಲ್ಟಿನ ಎಲ್‌ಎಫ್‌ಪಿ (ಇನ್ನೊಂದು ಜಾತಿಯ ಲಿಥಿಯಂ) ಸೆಲ್ ಎರಡು ಹಾಕಿದರೆ 6.4, ವೋಲ್ಟೇಜ್ ಹೊಂದುತ್ತದೆ, ನನಗೂ ಆಸೆ ಆಗಿತ್ತು. ಆದರೆ ಅದರ ವೋಲ್ಟೇಜ್ ಕೊನೆಯವರೆಗೂ ಮಟ್ಟಸವಾಗಿದ್ದು ಆಮೇಲೆ ಬಂಡೆ ಅಂಚಿನಿಂದ ಬಿದ್ದ ಹಾಗೆ ಬೀಳುತ್ತದೆ. 5.5ಕ್ಕೆ ಕೆಂಪು ದೀಪ ಬರುವಾಗ ಒಳಗೆ ಏನೂ ಉಳಿದಿರಲ್ಲ. ಆ ಕೆಂಪು ದೀಪ ಇರುವುದು ಆಪರೇಟರ್ ಲೋಡನ್ನು ನೆಲಕ್ಕೆ ಇಳಿಸೋಕೆ ಟೈಮ್ ಸಿಗಲಿ ಅಂತ. ಅದನ್ನು ನಿಕಲ್ ಬ್ಯಾಟರಿಯ ಇಳಿಜಾರು ನೋಡಿ ಇಟ್ಟಿದ್ದಾರೆ. ಬ್ಯಾಟರಿ ಜಾತಿ ಬದಲಿಸಿದರೆ ಎಚ್ಚರಿಕೆ ದೀಪವನ್ನೇ ಕಿತ್ತುಹಾಕಿದ ಹಾಗೆ, ನನ್ನ ಲೆಕ್ಕದಲ್ಲಿ. ಒಪ್ಪದವರು ತಮ್ಮ ಗೇಟಿನ ರಿಮೋಟಿಗೆ ಬೇಕಾದರೆ ಹಾಕಿಕೊಳ್ಳಲಿ.

ಮೂರನೇ ಸಲ ಎಸ್‌ಪಿ ರೋಡಿನ ಒಂದು ಓಣಿಯಲ್ಲಿ ಡ್ರೋನ್, ಟ್ರಿಮ್ಮರ್ ಬ್ಯಾಟರಿ ಕಟ್ಟುವ ಪುಟ್ಟ ಅಂಗಡಿ ಹುಡುಕಿಕೊಂಡು ಹೋದೆ. ಬೆಸುಗೆ ಕಂಡ ಐದು ಸೆಲ್ ಬದಿಗಿಟ್ಟು, ಇನ್ನೊಂದು ಕಟ್ಟು ಹೊಸದು ತಂದೆ. ಮನೆಯಲ್ಲೇ ಎಲ್ಲವನ್ನೂ ಎರಡು ಸಲ ತುಂಬಿ ಖಾಲಿ ಮಾಡಿ ಅಳೆದಿದ್ದೆ, 1905ರಿಂದ 1960ರವರೆಗೆ ಬಂದವು. ಹತ್ತಿರದ ನಂಬರಿನ ಐದೈದು ಸೆಲ್ ಗುಂಪು ಮಾಡಿ, ಉಳಿದ ಒಂದನ್ನು ಗಡಿಯಾರಕ್ಕೆ ಹಾಕಿದೆ. ಅಂಗಡಿಯವರು 0.15 ಮಿಲಿಮೀಟರ್ ನಿಕಲ್ ಪಟ್ಟಿಯನ್ನು ಪ್ರತಿ ಕಡೆ ನಾಲ್ಕು ಚುಕ್ಕೆ ವೆಲ್ಡ್ ಮಾಡಿ ಕೊಟ್ಟರು. ಒಂದು ಚುಕ್ಕೆಗೆ ಕಣ್ಣು ಮಿಟುಕಿಸುವಷ್ಟೂ ಹೊತ್ತು ಬೇಡ, ಸೆಲ್ ಮುಟ್ಟಿದರೆ ತಣ್ಣಗಿದೆ. ಎರಡು ಪ್ಯಾಕಿಗೆ 400 ರೂಪಾಯಿ. ನಾನು ಇಷ್ಟು ವಾರ ಯಾಕೆ ಒದ್ದಾಡಿದೆ ಅಂತ ಅಲ್ಲೇ ನಿಂತು ಯೋಚಿಸಿದೆ.

ಒಂದು ವಿಷಯ ಮಾತ್ರ ನಾನು ಹಟ ಮಾಡಿ ಮಾಡಿಸಿದೆ. ಸೆಲ್ಲಿನ ಇಡೀ ಮೈ ನೆಗೆಟಿವ್, ತಲೆಯ ಗುಬುಟು ಮಾತ್ರ ಪಾಸಿಟಿವ್. ಎರಡರ ನಡುವೆ ಒಂದೆರಡು ಮಿಲಿಮೀಟರ್, ಮೇಲೆ ತೆಳುವಾದ ಪ್ಲಾಸ್ಟಿಕ್ ಹೊದಿಕೆ. ಪಾಸಿಟಿವ್ ಪಟ್ಟಿ ಆ ಅಂಚನ್ನು ದಾಟಿಯೇ ಹೋಗಬೇಕು. ರಿಮೋಟ್ ನಾಲ್ಕು ಸಲ ಬಿದ್ದರೆ ಹೊದಿಕೆ ಸವೆದು ಶಾರ್ಟ್. ಅದಕ್ಕೆ ಪ್ರತಿ ಪಾಸಿಟಿವ್ ತಲೆಗೂ ಫಿಶ್ ಪೇಪರಿನ (ಕರೆಂಟ್ ಹರಿಯದ ಗಟ್ಟಿ ಕಾಗದ) ಉಂಗುರ ಹಾಕಿಸಿದೆ. ಅಂಗಡಿಯವರು ಬೇಡ ಸಾರ್ ಅಂದರು, ನಾನು ಬೇಕು ಅಂದೆ. ಗುಬುಟಿನ ಪಕ್ಕದ ಪುಟ್ಟ ತೂತುಗಳಿಗೆ ಅಂಟು ಹೋಗದ ಹಾಗೆ ನೋಡಿಕೊಳ್ಳಿ, ಒತ್ತಡ ಜಾಸ್ತಿಯಾದರೆ ಗ್ಯಾಸ್ ಹೊರಗೆ ಬರೋದು ಅಲ್ಲಿಂದಲೇ.

ಶೆಡ್ಡಿಗೆ ತಂದು ಡಬ್ಬಿಯಲ್ಲಿ ಕೂರಿಸಿದರೆ ಮುಚ್ಚಳ ಮುಚ್ಚಲ್ಲ! ಹಳೇ ಸೆಲ್ಲುಗಳು ಚಪ್ಪಟೆ ತಲೆಯವು, ಅಂಗಡಿಯಲ್ಲಿ ಸಿಗುವವಕ್ಕೆ ಗುಬುಟು ಇರುತ್ತದೆ, ಒಂದು ಮಿಲಿಮೀಟರಿಗಿಂತ ಸ್ವಲ್ಪ ಜಾಸ್ತಿ ಉದ್ದ. ಡಬ್ಬಿ ಒಳಗಿನ ಪ್ಲಾಸ್ಟಿಕ್ ಗೆರೆಗಳನ್ನು ಅರದಲ್ಲಿ ಉಜ್ಜಿ ಜಾಗ ಮಾಡಿದೆ. ಥರ್ಮಲ್ ಕಟ್-ಔಟನ್ನು ಮೊದಲಿದ್ದ ಹಾಗೇ ನಡುವಿನ ಸಂದಿಯಲ್ಲಿ ಇಟ್ಟೆ, ಹೆಚ್ಚು ಬಿಸಿ ಆಗೋದು ಅಲ್ಲೇ. ಡಯೋಡಿನ ದಿಕ್ಕನ್ನು ಮೊದಲೇ ಫೋಟೋ ತೆಗೆದಿದ್ದೆ. ಕಾಂಟ್ಯಾಕ್ಟಿಗೆ ಹೋಗುವ ವೈರನ್ನು ಪಟ್ಟಿಯ ತುದಿಗೆ ಬೆಸುಗೆ ಹಾಕಿದೆ, ಸೆಲ್ಲಿನಿಂದ ದೂರದಲ್ಲಿ. ಅಲುಗಾಡದ ಹಾಗೆ ತೆಳು ಫೋಮ್. ಮುಚ್ಚುವುದಕ್ಕೆ ಎಬಿಎಸ್ ಪ್ಲಾಸ್ಟಿಕ್ ಚೂರುಗಳನ್ನು ಅಸಿಟೋನಿನಲ್ಲಿ ಕರಗಿಸಿ ಗಂಜಿ ಮಾಡಿ ಅಂಚಿಗೆ ಸವರಿದೆ, ಬಿರುಕಿಗೂ ಅದನ್ನೇ ಮೆತ್ತಿದೆ. ಮೊದಲು ಒಳಮೂಲೆಯಲ್ಲಿ ಒಂದು ಹನಿ ಹಾಕಿ ಪ್ಲಾಸ್ಟಿಕ್ ಒಪ್ಪುತ್ತದಾ ನೋಡಿ. ರಾತ್ರಿಯಿಡೀ ಕ್ಲಾಂಪ್. ಅಂಚು ಸರಿಯಾಗಿ ಮುಚ್ಚಲೇಬೇಕು, ನಮ್ಮ ಶೆಡ್ಡಿನ ಧೂಳು ಬರೀ ಧೂಳಲ್ಲ, ಕಬ್ಬಿಣ, ಕರೆಂಟ್ ಹರಿಯುತ್ತದೆ.

ಮೊದಲ ಚಾರ್ಜ್ ಶನಿವಾರ ನಾನು ಎದುರಿಗೇ ಇದ್ದು ಮಾಡಿದೆ, ಇಟ್ಟಿಗೆ ಮೇಲೆ ಚಾರ್ಜರ್ ಇಟ್ಟು. ಶೆಡ್ಡಿನಲ್ಲಿ 26 ಡಿಗ್ರಿ, ಕೊನೆಯ ಗಂಟೆಯಲ್ಲಿ ಡಬ್ಬಿಯ ಮೇಲೆ 31. ಹಳೇದರ ಬಿಸಿ ನೆನೆಸಿಕೊಂಡರೆ ಇದು ಐಸ್‌ಕ್ರೀಮು.

ಆಪರೇಟರ್ ಕೈಗೆ ಕೊಡೋ ಮುಂಚೆ ಅರ್ಧ ದಿನ ಪರೀಕ್ಷೆ. ಬೇಯಲ್ಲಿ ಯಾರೂ ಇಲ್ಲದಾಗ, ಖಾಲಿ ಹುಕ್ಕಿನಲ್ಲಿ. ಎಮರ್ಜೆನ್ಸಿ ಸ್ಟಾಪ್ ಒತ್ತಿದರೆ ನಿಲ್ಲುತ್ತದಾ, ಬೇಯ ಎರಡೂ ತುದಿಯಿಂದ ಸಿಗ್ನಲ್ ಇದೆಯಾ, ರಿಮೋಟನ್ನು ಅಲುಗಾಡಿಸಿದರೆ ಸಂಪರ್ಕ ತಪ್ಪುತ್ತದಾ. ಆಮೇಲೆ ಹುಕ್ ಮೇಲೆ ಹೋಗುತ್ತಿರುವಾಗಲೇ ಪ್ಯಾಕ್ ಎಳೆದು ತೆಗೆದೆ. ಫೋನಿನಲ್ಲಿ ವಿಡಿಯೋ ಮಾಡಿ ಫ್ರೇಮ್ ಎಣಿಸಿದರೆ ಸುಮಾರು 16, ಅಂದರೆ ಅರ್ಧ ಸೆಕೆಂಡಿನ ಆಸುಪಾಸು. ಅದನ್ನೇ ಅರ್ಧ ಟನ್ ಲೋಡ್ ಹಾಕಿ, ನೆಲದಿಂದ ಒಂದಡಿ ಮೇಲೆ ಮಾಡಿದೆ. ಬ್ರೇಕ್ ಕಚ್ಚಿ ಹಿಡಿಯಿತು. ಕೊನೆಗೆ ಕೆಂಪು ದೀಪ. ಪ್ಯಾಕನ್ನು ಬೇಕಂತಲೇ ಖಾಲಿ ಮಾಡಿಕೊಂಡು ಹೋದೆ. ಮೊದಲ ಬೀಪಿನಿಂದ ಆಫ್ ಆಗುವವರೆಗೆ 40 ನಿಮಿಷಕ್ಕಿಂತ ಜಾಸ್ತಿ ಸಿಕ್ಕಿತು. ಲೋಡ್ ಇಳಿಸಿ, ಟೀ ಕುಡಿದು, ಪ್ಯಾಕ್ ಬದಲಿಸಬಹುದು.

ಮಾಡಿದ್ದೆಲ್ಲ ಕ್ರೇನಿನ ಲಾಗ್ ಬುಕ್ಕಿನಲ್ಲಿ ಬರೆದೆ. ಆಗ ಜಾರಿಯಲ್ಲಿದ್ದ 1948ರ ಫ್ಯಾಕ್ಟರೀಸ್ ಕಾಯ್ದೆಯ 29ನೇ ಸೆಕ್ಷನ್ ಪ್ರಕಾರ ವರ್ಷಕ್ಕೊಮ್ಮೆಯಾದರೂ ಕಾಂಪಿಟೆಂಟ್ ಪರ್ಸನ್ (ತಪಾಸಣೆಯ ಅಧಿಕಾರ ಇರುವ ಪರಿಣಿತರು) ಬಂದು ಕ್ರೇನ್ ಪೂರ್ತಿ ನೋಡಬೇಕಿತ್ತು, ಅವರಿಗೂ ಪ್ಯಾಕ್ ತೋರಿಸಿದೆ, ಮುಚ್ಚಿಡೋಕೆ ಏನಿದೆ. ರಿಮೋಟಿನ ಒಳಗೆ ನಾನು ಕೈ ಹಾಕಿಲ್ಲ, ರಿಸೀವರ್ ಜೊತೆಗಿನ ಅದರ ಐಡಿ ಕೋಡ್ ಮುಟ್ಟಿಲ್ಲ. ಪೇಂಟ್, ಸಾಲ್ವೆಂಟ್ ಆವಿ ಇರುವ ಕಡೆಗೆ ಅಂತಲೇ ಎಕ್ಸ್ (Ex) ಗುರುತು ಹಾಕಿದ ರಿಮೋಟ್ ಬರುತ್ತದೆ, ಅದರ ಪ್ಯಾಕನ್ನು ಮಾತ್ರ ಕಂಪನಿಯಿಂದಲೇ ತರಿಸಿ, ಎಷ್ಟೇ ಬೆಲೆ ಇರಲಿ. ಅಲ್ಲಿ ಒಂದು ಕಿಡಿ ಸಾಕು.

ಹಳೇ ಸೆಲ್ಲುಗಳ ಜೊತೆಗೆ ಸ್ಟೋರಿನ ಮೂಲೆಯಲ್ಲಿ ಇನ್ನೂ ಹಳೇದೊಂದು ನಿಕಲ್ ಕ್ಯಾಡ್ಮಿಯಂ ಪ್ಯಾಕ್ ಸಿಕ್ಕಿತು. ಕ್ಯಾಡ್ಮಿಯಂ ವಿಷ, ಗುಜರಿ ಕಬ್ಬಿಣದ ಜೊತೆ ಹಾಕೋ ಹಾಗಿಲ್ಲ. 2022ರಲ್ಲಿ ಬ್ಯಾಟರಿ ತ್ಯಾಜ್ಯದ ಹೊಸ ನಿಯಮ ಬಂದಿದೆ. ತುದಿಗಳಿಗೆ ಟೇಪ್ ಸುತ್ತಿ, ನಮ್ಮ ಕಂಪ್ಯೂಟರ್ ಕಸ ಒಯ್ಯುವ ಪರವಾನಗಿ ಇರುವವರಿಗೆ ಕೊಟ್ಟೆ.

ಖರ್ಚು: ಒಳ್ಳೆಯ ಸೆಲ್ 16, ವೆಲ್ಡಿಂಗ್, ಫಿಶ್ ಪೇಪರ್, ಹಾಳು ಮಾಡಿದ್ದೂ ಸೇರಿ 6,300 ರೂಪಾಯಿ. ಮೊದಲೇ ಬುದ್ಧಿ ಇದ್ದಿದ್ದರೆ ನಾಲ್ಕು ಸಾವಿರದೊಳಗೆ ಆಗುತ್ತಿತ್ತು. ಎರಡು ಡಬ್ಬಿಗೂ ತಾರೀಖು ಕೆತ್ತಿ, ಒಂದಕ್ಕೆ 'ಸೋಮ-ಬುಧ-ಶುಕ್ರ', ಇನ್ನೊಂದಕ್ಕೆ 'ಮಂಗಳ-ಗುರು-ಶನಿ' ಅಂತ ಬರೆದೆ, ಎರಡೂ ಸಮವಾಗಿ ಸವೆಯಲಿ ಅಂತ. ಒಂಬತ್ತು ತಿಂಗಳಾದ ಮೇಲೆ ಮೊನ್ನೆ ಅಳೆದೆ, 1870 ಮತ್ತು 1855.

ಮತ್ತೆ ಆಯುಧಪೂಜೆ ಬಂತು. ಹುಡುಗರು ಕುಂಕುಮ ಕಲಸಿಕೊಂಡು ಬರುವಷ್ಟರಲ್ಲಿ ನಾನು ರಿಮೋಟನ್ನೂ ಚಾರ್ಜರನ್ನೂ ಪ್ಲಾಸ್ಟಿಕ್ ಕವರಿಗೆ ಹಾಕಿ ಬಾಯಿ ಕಟ್ಟಿ ಇಟ್ಟಿದ್ದೆ. ಕವರಿನ ಮೇಲೆಯೇ ಹಚ್ಚಿದರು. ಪೂಜೆ ಮಾಡೋ ಭಟ್ಟರು ಒಂದು ಕ್ಷಣ ನೋಡಿ, ಏನೂ ಕೇಳದೆ ಹೂ ಇಟ್ಟರು.